ಮೂಸೆಗೆ ಬೀಳುವ ಮುನ್ನ ಒಂದು ಫೋಟೊ

2025ರಲ್ಲಿ ಬೆಳ್ಳಿಯ ದರ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿತು. ವರ್ಷ ಮುಗಿಯುವ ಹೊತ್ತಿಗೆ ಎರಡು ಲಕ್ಷವನ್ನೂ ಮೀರಿತು. ಇಂಥ ದರದ ಕಾಲದಲ್ಲಿ, ಹಳೆ ಮನೆಯ ಪಾಯ ತೆಗೆಯುವಾಗ ಸಿಕ್ಕ ಬೆಳ್ಳಿ ತಂಬಿಗೆ ಎಷ್ಟು ದಿನ ತಂಬಿಗೆಯಾಗಿಯೇ ಉಳಿದೀತು? ಬಹಳವೆಂದರೆ ಮರುದಿನ ಸಂಜೆಯವರೆಗೆ. ಗದಗ-ಬೆಟಗೇರಿಯ ಹಳೆ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಪ್ರತಿ ಮಳೆಗಾಲಕ್ಕೂ ಒಂದಷ್ಟು ಮಾಳಿಗೆ ಮನೆಗಳು ಕುಸಿಯುತ್ತವೆ, ಪ್ರತಿ ಬೇಸಿಗೆಯಲ್ಲೂ ಅದೇ ಜಾಗದಲ್ಲಿ ಆರ್‌ಸಿಸಿ ಕಂಬಗಳು ಏಳುತ್ತವೆ. ನಡುವೆ ನೆಲ ಕೆದಕುವ ಕೆಲಸ ಜೆಸಿಬಿಯದು. ಇದರ ಜೊತೆಗೆ ಈಗ ಆನ್‌ಲೈನ್ ಅಂಗಡಿಗಳಲ್ಲಿ ಕೆಲವೇ ಸಾವಿರಕ್ಕೆ ಸಿಗುವ ಮೆಟಲ್ ಡಿಟೆಕ್ಟರ್ ಹಾಳು ಮನೆ, ಹಾಳೂರುಗಳ ದಾರಿ ಹಿಡಿದಿದೆ. ಈ ಯಂತ್ರದ ಬಗ್ಗೆ ನಮ್ಮಲ್ಲಿ ಕೇಳಿಬರುವ ಮಾತು ಎರಡೇ: ಒಂದು ನಿಧಿ ಸಿಕ್ಕವರ ದಂತಕಥೆ, ಇನ್ನೊಂದು ಪೊಲೀಸರ ಎಚ್ಚರಿಕೆ. ಎರಡರಲ್ಲೂ ಸಿಕ್ಕ ವಸ್ತುವಿನ ಪ್ರಸ್ತಾಪವೇ ಇರುವುದಿಲ್ಲ. ನನ್ನ ವಾದ ಇಷ್ಟು: ಹಳೆಯ ಬೆಳ್ಳಿ ಪಾತ್ರೆಗಳಿಗೆ ಡಿಟೆಕ್ಟರ್‌ಗಿಂತ ದೊಡ್ಡ ಶತ್ರು ಮೂಸೆ, ನಮ್ಮ ಕಾನೂನು ನಡೆಯುವ ರೀತಿಯೇ ಜನರನ್ನು ಆ ಮೂಸೆಯ ಕಡೆ ತಳ್ಳುತ್ತಿದೆ. ಆದ್ದರಿಂದ ಯಾರದು, ಎಷ್ಟು ಪಾಲು ಎಂಬ ಜಗಳಕ್ಕೆ ಮೊದಲು ಸಿಕ್ಕದ್ದನ್ನು ದಾಖಲಿಸುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲಿ ಬರಬೇಕು.

ಈ ಸೀಮೆಯಲ್ಲಿ ಬೆಳ್ಳಿ ನೆಲ ಸೇರಿದ್ದಾದರೂ ಯಾಕೆ ಎಂದು ನೋಡಿದರೆ ವಾದಕ್ಕೆ ಬುಡ ಸಿಗುತ್ತದೆ. ಗದಗದ ಎರೆಹೊಲ ಹತ್ತಿಯ ಹೊಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿನ ಅರಳೆ ಬರುವುದು ನಿಂತಾಗ, ಧಾರವಾಡ ಜಿಲ್ಲೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಆ ಬೆಲೆ ಬಂದದ್ದು ಬೆಳ್ಳಿ ರೂಪಾಯಿಯ ರೂಪದಲ್ಲಿ. ರೈತ, ದಲಾಲ, ಸಾಹುಕಾರ ಎಲ್ಲರೂ ರೂಪಾಯಿಗಳನ್ನು ಪತ್ತಾರರ ಕೈಗೆ ಕೊಟ್ಟು ತಾಟು, ತಂಬಿಗೆ, ಉಡದಾರ, ಲಿಂಗದ ಕರಡಿಗೆ ಮಾಡಿಸಿಕೊಂಡರು. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ ಬಂತು. 1876ರಿಂದ 1878ರ ಆ ದಿನಗಳಲ್ಲಿ ಮುಂಬೈ ಪ್ರಾಂತದ ಮನೆಮನೆಗಳ ಬೆಳ್ಳಿ ಜೋಳದ ಬೆಲೆಗೆ ಮಾರಿಹೋಗಿ ಮುಂಬೈ ಟಂಕಸಾಲೆಯ ಕುಲುಮೆ ಸೇರಿತು. ಅಂದರೆ ಮನೆಯವರಿಗೆ ನೆನಪಿದ್ದ ಬೆಳ್ಳಿ ಬಹುಪಾಲು ಆಗಲೇ ಕರಗಿತು. ಇಂದು ನೆಲದಲ್ಲಿ ಸಿಗುವುದು, ಹೂತಿಟ್ಟವರು ಹೇಳದೆ ಸತ್ತದ್ದರಿಂದ ಉಳಿದ ಬೆಳ್ಳಿ. ಹೇಳದೆ ಸಾಯುವುದಕ್ಕೆ ಕಾರಣಗಳೂ ಸಾಕಷ್ಟಿದ್ದವು. 1858ರಲ್ಲಿ ಮುಂಡರಗಿಯ ಭೀಮರಾಯರು ಬಂಡೆದ್ದು ಡಂಬಳದ ಖಜಾನೆಗೆ ನುಗ್ಗಿ, ಕೊನೆಗೆ ಕೊಪ್ಪಳ ಕೋಟೆಯಲ್ಲಿ ಮಡಿದ ವಾರಗಳಲ್ಲಿ ಈ ಭಾಗದ ವಾಡೆಗಳಿಗೆ ಎರಡೂ ಕಡೆಯಿಂದ ಭಯವಿತ್ತು. 1896ರಲ್ಲಿ ಮುಂಬೈಗೆ ಇಳಿದ ಪ್ಲೇಗು ಎರಡು ವರ್ಷದಲ್ಲಿ ಧಾರವಾಡ ಜಿಲ್ಲೆಯ ಪೇಟೆಗಳನ್ನು ಖಾಲಿ ಮಾಡಿಸಿತು. ಜನ ಬಾಗಿಲಿಗೆ ಕೀಲಿ ಜಡಿದು ಹೊಲದ ಗುಡಿಸಲು ಸೇರಿದರು. ಹೊತ್ತೊಯ್ಯಲಾಗದ್ದನ್ನು ಗೋಡೆಯ ಮಾಡದೊಳಗೆ, ದೇವರಮನೆಯ ನೆಲದಡಿ, ಹಗೇವಿನ ಬಾಯಿಯ ಪಕ್ಕ ಇಟ್ಟವರಲ್ಲಿ ಎಷ್ಟೋ ಮಂದಿ ಮರಳಿ ಬರಲಿಲ್ಲ. ದೇಶದ ಮೊದಲ ಸಹಕಾರಿ ಪತ್ತಿನ ಸಂಘ 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲೇ ಹುಟ್ಟಿದ್ದು ಬರಿಯ ಹೆಮ್ಮೆಯ ಸಂಗತಿಯಲ್ಲ. ಅದಕ್ಕೂ ಮುಂಚೆ ಒಕ್ಕಲಿಗನ ಉಳಿತಾಯಕ್ಕೆ ನೆಲವೊಂದೇ ಆಸರೆಯಾಗಿತ್ತು ಎಂಬುದಕ್ಕೂ ಅದು ಸಾಕ್ಷಿ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ಲಕ್ಕುಂಡಿ, ಡಂಬಳ, ಸೂಡಿ, ಲಕ್ಷ್ಮೇಶ್ವರದ ಸೋಮೇಶ್ವರ, ಗದಗದ ತ್ರಿಕೂಟೇಶ್ವರ ಇರುವ ಜಿಲ್ಲೆಯಲ್ಲಿ ನೂರೈವತ್ತು ವರ್ಷದ ತಂಬಿಗೆಯೊಂದು ಇತಿಹಾಸವೇ? ಒಂಬೈನೂರು ವರ್ಷದ ಶಿಲ್ಪಕ್ಕೇ ಕಾವಲಿಲ್ಲದಿರುವಾಗ ಅಡುಗೆಮನೆಯ ಸಾಮಾನಿಗೆ ಯಾರು ಕಾವಲು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಶಾಸನ ಹೇಳುವುದು ದಾನ ಕೊಟ್ಟವರ ಮಾತು. ದಂಡನಾಯಕನ, ಹೆಗ್ಗಡೆಯ, ಮಹಾಜನರ ಮಾತು. ಬೆಟಗೇರಿಯ ನೇಕಾರನ ಮನೆಯಲ್ಲಿ ಮಗಳ ಮದುವೆಗೆ ಎಷ್ಟು ತೊಲೆ ಬೆಳ್ಳಿ ಹೋಯಿತು, ಹತ್ತಿಯ ಹಣ ಯಾವ ಜಾತಿ, ಯಾವ ಓಣಿಗೆ ಮುಟ್ಟಿತು, ಸಾಂಗಲಿ ಸಂಸ್ಥಾನದ ಶಿರಹಟ್ಟಿಯಲ್ಲಿ, ಮಿರಜ ಸಂಸ್ಥಾನದ ಲಕ್ಷ್ಮೇಶ್ವರದಲ್ಲಿ ಬಳಸುತ್ತಿದ್ದ ಪಾತ್ರೆಗೂ ಬ್ರಿಟಿಷರ ನೇರ ಆಡಳಿತದ ಗದಗದ ಪಾತ್ರೆಗೂ ಆಕಾರದಲ್ಲಿ ಏನು ವ್ಯತ್ಯಾಸವಿತ್ತು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಲಿಂಗಾಯತ ಮನೆಯ ಗುಂಡಗಡಿಗೆ, ಬ್ರಾಹ್ಮಣ ಮನೆಯ ಪಂಚಪಾತ್ರೆ-ಉದ್ಧರಣೆ, ಮುಸ್ಲಿಂ ಮನೆಯ ಪಾನದಾನ-ಅತ್ತರದಾನಿ ಒಂದೇ ಪತ್ತಾರಿಕೆಯ ಒಲೆಯಿಂದ ಬಂದವೋ ಬೇರೆ ಬೇರೆ ಊರಿನಿಂದ ಬಂದವೋ ಎಂದು ತಿಳಿಯಲು ಪಾತ್ರೆಗಳೇ ಬೇಕು. ಗುಡಿಯ ಕಲ್ಲು ಕದ್ದರೂ ಎಲ್ಲೋ ಒಂದು ಕಡೆ ಕಲ್ಲಾಗಿಯೇ ಇರುತ್ತದೆ, ಮುಂದೊಂದು ದಿನ ಮರಳಿ ಬಂದೀತು. ಬೆಳ್ಳಿ ಹಾಗಲ್ಲ. ಒಮ್ಮೆ ಕರಗಿದರೆ ಯಾವ ನ್ಯಾಯಾಲಯವೂ ಅದನ್ನು ವಾಪಸು ತರಿಸಲಾರದು. ನಷ್ಟ ತುಂಬಲಾಗದ ಕಡೆ ಕಾವಲು ಮೊದಲು ಬೇಕು ಎಂಬುದು ನನ್ನ ಲೆಕ್ಕ.

ಡಿಟೆಕ್ಟರ್ ಏನು ಮಾಡಬಲ್ಲದು ಎಂಬುದರ ಬಗ್ಗೆಯೂ ಭ್ರಮೆಗಳಿವೆ. ಸುರುಳಿಯೊಂದರಲ್ಲಿ ಹುಟ್ಟುವ ಕಾಂತಕ್ಷೇತ್ರ ನೆಲದೊಳಗಿನ ಲೋಹದಲ್ಲಿ ವಿದ್ಯುತ್ ಸುಳಿ ಎಬ್ಬಿಸುತ್ತದೆ. ಆ ಸುಳಿಯ ಮರುದನಿಯನ್ನು ಯಂತ್ರ ಸದ್ದಾಗಿ ಕೇಳಿಸುತ್ತದೆ. 1881ರಲ್ಲೇ ಅಲೆಕ್ಸಾಂಡರ್ ಗ್ರಹಾಂ ಬೆಲ್ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ಮೈಯೊಳಗಿನ ಗುಂಡು ಹುಡುಕಲು ಇದೇ ತತ್ವ ಬಳಸಿ ಸೋತಿದ್ದರು. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತಿ ಚೆನ್ನಾಗಿ ಹರಿಸುವುದು ಬೆಳ್ಳಿ, ಹಾಗಾಗಿ ಅದರ ಸದ್ದು ಎತ್ತರದ ಸ್ಥಾಯಿಯಲ್ಲಿ ಬರುತ್ತದೆ, ನಿಜ. ಆದರೆ ದಪ್ಪ ತಾಮ್ರದ ಕೊಡವೂ ಹೆಚ್ಚುಕಡಿಮೆ ಹಾಗೇ ಕೂಗುತ್ತದೆ, ಅಲ್ಯುಮಿನಿಯಂ ತಟ್ಟೆಯೂ ಕೂಗುತ್ತದೆ. ಯಂತ್ರಕ್ಕೆ ತಿಳಿಯುವುದು ವಾಹಕತೆ ಮಾತ್ರ, ಬೆಲೆ ಅಲ್ಲ. ಹವ್ಯಾಸಿಗಳ ಯಂತ್ರ ಒಂದು ನಾಣ್ಯವನ್ನು ಗುರುತಿಸುವುದು ಒಂದು ಅಡಿಯ ಒಳಗೆ. ಆಳುದ್ದದ ಹಗೇವಿನ ತಳದಲ್ಲಿ ಏನಿದೆಯೆಂದು ಅದಕ್ಕೆ ಗೊತ್ತಾಗುವುದಿಲ್ಲ. ಇನ್ನು ಗದಗ, ಶಿರಹಟ್ಟಿ, ಮುಂಡರಗಿಗಳ ನಡುವೆ ಮಲಗಿರುವ ಕಪ್ಪತಗುಡ್ಡದ ಸೆರಗಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೇರಳ. ಅಂಥ ನೆಲದಲ್ಲಿ ಯಂತ್ರ ಸುಮ್ಮಸುಮ್ಮನೆ ಚೀರುತ್ತದೆ. ಎತ್ತಿನ ಲಾಳ, ನೇಗಿಲ ಕುಳದ ಚೂರು, ಬಾಟಲಿ ಮುಚ್ಚಳ, ಗುಟ್ಕಾ ಚೀಟಿ ಇವೇ ಹಾಳೂರಿನ ನಿಜವಾದ ಫಸಲು. ಸೊರಟೂರು, ಡೋಣಿ ಕಡೆಯ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಾಲಗಾರರ ನೆನಪು ಇಲ್ಲಿ ಇನ್ನೂ ಇದೆ, ಅದಕ್ಕೇ ಈ ಯಂತ್ರದ ಕನಸಿಗೆ ಈ ಭಾಗದಲ್ಲಿ ಗಿರಾಕಿಗಳು ಹೆಚ್ಚಿರಬಹುದು. ಇಲ್ಲಿ ಹಳೆಯ ಬೆಳ್ಳಿಯನ್ನು ಹೆಚ್ಚಾಗಿ ಹೊರತೆಗೆಯುವುದು ಮಾತ್ರ ಡಿಟೆಕ್ಟರ್ ಅಲ್ಲ, ಪಾಯ ತೋಡುವ ಗುದ್ದಲಿ ಮತ್ತು ಜೆಸಿಬಿ ಬಕೆಟ್ಟು. ಯಂತ್ರವೊಂದನ್ನೇ ನಿಷೇಧಿಸಿ ಕೈತೊಳೆದುಕೊಳ್ಳಬಹುದು ಎನ್ನುವವರು ಇದನ್ನು ಗಮನಿಸಬೇಕು.

ಗುರುತಿಸುವ ವಿಷಯಕ್ಕೆ ಬಂದರೆ, ಹೆಚ್ಚಿನ ಹಾನಿ ಆಗುವುದು ಇಲ್ಲೇ. ನೆಲದಿಂದ ಬಂದ ಬೆಳ್ಳಿ ಬೆಳ್ಳಗಿರುವುದಿಲ್ಲ. ಗಾಳಿಯಲ್ಲಿ ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ನೆಲದಲ್ಲಿ, ಅದರಲ್ಲೂ ನಮ್ಮ ಸವಳು ಎರೆಮಣ್ಣಿನಲ್ಲಿ, ಉಪ್ಪಿನ ಕ್ಲೋರೈಡು ಸೇರಿ ಬೂದು-ನೇರಳೆ ಬಣ್ಣದ ಮೇಣದಂಥ ಪದರ ಕೂರುತ್ತದೆ. ಬೆಳ್ಳಿಗೆ ಬೆರೆಸಿದ ತಾಮ್ರ ಹೊರಬಂದು ಹಸಿರು ಕಿಲುಬಾಗಿ ನಿಂತರೆ ಇಡೀ ಪಾತ್ರೆ ತಾಮ್ರದ್ದೆಂದು ತೋರುತ್ತದೆ. ಹೀಗೆ ನಿಜವಾದ ಬೆಳ್ಳಿ ಮೋಡಕಾ ಸಾಮಾನಿನ ಗಾಡಿಗೆ ಹೋಗುತ್ತದೆ. ಒಳಗೆ ಕಲಾಯಿ ಹಾಕಿದ ತಾಮ್ರದ ಪಾತ್ರೆ ಬೆಳ್ಳಿಯೆಂದು ಸಂಭ್ರಮ ಹುಟ್ಟಿಸುತ್ತದೆ. ಜರ್ಮನ್ ಸಿಲ್ವರ್ ಎನ್ನುವುದರಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ, ತಾಮ್ರ, ನಿಕ್ಕಲ್, ಸತು ಮಾತ್ರ. ಇಂಗ್ಲಿಷರ ಕಾಲದ ಚಮಚ, ಫೋರ್ಕುಗಳ ಹಿಂದೆ ಇಪಿಎನ್‌ಎಸ್ ಎಂದಿದ್ದರೆ ಅದು ಅದೇ ಲೋಹದ ಮೇಲಿನ ತೆಳು ಬೆಳ್ಳಿ ಲೇಪ. ಗೊಂದಲ ಬಿಡಿಸಲು ಒರೆಗಲ್ಲಿಗೂ ಮೊದಲು ನೀರು ಸಾಕು. ಬೆಳ್ಳಿಯ ಸಾಂದ್ರತೆ 10.49, ಅರ್ಧ ಕಿಲೋ ತೂಗುವ ಬೆಳ್ಳಿ ತಂಬಿಗೆಯನ್ನು ತುಂಬಿದ ನೀರಿನಲ್ಲಿ ಪೂರ್ತಿ ಮುಳುಗಿಸಿದರೆ ಹೊರಚೆಲ್ಲುವುದು 48 ಮಿಲಿಲೀಟರ್ ಆಸುಪಾಸು, ಅದೇ ತೂಕದ ಜರ್ಮನ್ ಸಿಲ್ವರ್ 57-58 ಮಿಲಿಲೀಟರ್ ಚೆಲ್ಲುತ್ತದೆ. ಆದರೆ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ಪರೀಕ್ಷೆಯಲ್ಲ, ತಿಕ್ಕಾಟ. ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟು ಹಾಕಿ ಹೊಳೆಯುವವರೆಗೆ ಉಜ್ಜುತ್ತಾರೆ. ನೂರು ವರ್ಷ ನೆಲದಲ್ಲಿದ್ದ ಬೆಳ್ಳಿ ಒಳಗೊಳಗೇ ಬಿರುಸಾಗಿ ಬಿಸ್ಕತ್ತಿನಂತೆ ಮುರಿಯುವ ಸ್ಥಿತಿಯಲ್ಲಿರಬಹುದು. ಹೋಗುವುದು ಕೊಳೆ ಮಾತ್ರವಲ್ಲ, ಮೇಲ್ಮೈಯ ಅಕ್ಷರವೂ ಹೋಗುತ್ತದೆ.

ಆ ಅಕ್ಷರವೇ ಮುಖ್ಯ. ಇಂಗ್ಲೆಂಡಿನ ಬೆಳ್ಳಿಯ ಮೇಲೆ ನಡೆಯುವ ಸಿಂಹ, ಊರಿನ ಮುದ್ರೆ, ವರ್ಷದ ಅಕ್ಷರ ಎಲ್ಲ ಇರುತ್ತವೆ. ಲಂಗರಿನ ಗುರುತು ಕಂಡರೆ ಬರ್ಮಿಂಗ್‌ಹ್ಯಾಮ್ ಎಂದು ಮಕ್ಕಳೂ ಹೇಳಬಹುದು. ನಮ್ಮ ಪತ್ತಾರರು ಅಂಥ ಸರಕಾರಿ ಮುದ್ರೆ ಒತ್ತಲಿಲ್ಲ, ಒತ್ತಿಸಿಕೊಳ್ಳುವ ಕಾನೂನೂ ಇರಲಿಲ್ಲ. ಬಿಐಎಸ್‌ನ ಬೆಳ್ಳಿ ಹಾಲ್‌ಮಾರ್ಕ್ ಶುರುವಾದದ್ದೇ 2005ರಲ್ಲಿ. ಅದರ ಬದಲು ನಮ್ಮಲ್ಲಿದ್ದದ್ದು ಒಡೆಯರ ಹೆಸರು. ಪಾತ್ರೆಯ ಕಂಠದ ಕೆಳಗೆ ಅಥವಾ ತಳದಲ್ಲಿ ಚುಕ್ಕಿ ಹೊಡೆದು ಬರೆಸಿದ ಹೆಸರು, ಕೆಲವೊಮ್ಮೆ ಕೊಟ್ಟವರ ಹೆಸರು, ತೊಲೆಯಲ್ಲಿ ತೂಕ. ಕನ್ನಡದಲ್ಲಿ ಇರಬಹುದು, ಆ ಕಾಲದ ಲೆಕ್ಕಪತ್ರದ ಲಿಪಿಯಾಗಿದ್ದ ಮೋಡಿಯಲ್ಲೂ ಇರಬಹುದು. ಲೋಹದ ಬೆರಕೆಯೂ ಮಾತಾಡುತ್ತದೆ. ಬ್ರಿಟಿಷ್ ರೂಪಾಯಿ 11.66 ಗ್ರಾಂ ತೂಗುತ್ತಿತ್ತು, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ರೂಪಾಯಿ ಕರಗಿಸಿ ಮಾಡಿದ ತಂಬಿಗೆ ಅದೇ ಸುಮಾರು 91.7 ಟಚ್ ತೋರಬೇಕು. 1893ರಲ್ಲಿ ಸರಕಾರ ಟಂಕಸಾಲೆಗಳನ್ನು ಖಾಸಗಿ ಬೆಳ್ಳಿಗೆ ಮುಚ್ಚಿದ ಮೇಲೆ ರೂಪಾಯಿಯ ಬೆಲೆ ಅದರೊಳಗಿನ ಬೆಳ್ಳಿಯ ಬೆಲೆಗಿಂತ ಮೇಲೇರಿತು. ನಾಣ್ಯ ಕರಗಿಸುವುದು ನಷ್ಟದ ಬಾಬತ್ತಾಯಿತು. ಹಾಗಾಗಿ ರೂಪಾಯಿ ಬೆರಕೆಯ ಪಾತ್ರೆ ಆ ವರ್ಷಕ್ಕಿಂತ ಹಿಂದಿನದಿರಬಹುದು ಎಂದು ಊಹಿಸಲು ಆಧಾರವಿದೆ. ಊಹೆ ಮಾತ್ರ, ಯಾಕೆಂದರೆ ಹಳೆ ಪಾತ್ರೆ ಮುರಿದು ಹೊಸದು ಮಾಡಿಸುವುದು ನಮ್ಮಲ್ಲಿ ಎಂದೂ ನಿಂತಿಲ್ಲ. ಇನ್ನೊಂದು ತೊಡಕೂ ಇದೆ: ಹಾಲ್‌ಮಾರ್ಕಿಂಗ್ ಕೇಂದ್ರದ ಎಕ್ಸ್‌ರೇ ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ, ನೆಲದಲ್ಲಿ ತಾಮ್ರ ಸೋರಿಹೋದ ಪಾತ್ರೆಯ ಹೊರಮೈ ಒಳಗಿಗಿಂತ ಶುದ್ಧವೆಂದು ತೋರಿಸಿ ದಾರಿ ತಪ್ಪಿಸುತ್ತದೆ.

ಆದ್ದರಿಂದ ಪಾತ್ರೆ ಒಂದನ್ನೇ ನೋಡಿ ಕಾಲ ಹೇಳುವುದು ಕಷ್ಟ. ಯಾವ ಮನೆ, ಯಾವ ಕೋಣೆ, ಎಷ್ಟು ಆಳ, ಜೊತೆಗೆ ಏನಿತ್ತು ಎಂಬುದು ಗೊತ್ತಿದ್ದರೆ ಮಾತ್ರ ಅದು ಸುಲಭ. ತಂಬಿಗೆಯೊಳಗೆ 1862ರ ವಿಕ್ಟೋರಿಯಾ ರೂಪಾಯಿ ಇದ್ದರೆ ಹೂತದ್ದು 1862ರ ನಂತರ ಎಂಬುದು ಖಚಿತ. ಅದೇ ವರ್ಷದ ಅಚ್ಚನ್ನು 1874ರವರೆಗೂ ಹೊಡೆಯುತ್ತಿದ್ದರು ಎಂಬುದು ತಿಳಿದಿದ್ದರೆ ಬರದ ವರ್ಷಗಳ ಗುಮಾನಿಯೂ ಬರುತ್ತದೆ. ನಾಣ್ಯ ಒಬ್ಬ ಕೂಲಿಯ ಜೇಬಿಗೆ, ತಂಬಿಗೆ ಇನ್ನೊಬ್ಬನ ಚೀಲಕ್ಕೆ ಹೋದರೆ ಎರಡೂ ಮೂಕ. ಇದಕ್ಕೆ ಜಗತ್ತಿನ ಅತಿ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ಹಾಕ್ಸ್ನ್ ಎಂಬ ಹಳ್ಳಿಯದು. 1992ರ ನವೆಂಬರಿನಲ್ಲಿ ಎರಿಕ್ ಲಾಸ್ ಎಂಬವರು ಗೆಳೆಯನ ಹೊಲದಲ್ಲಿ ಕಳೆದ ಸುತ್ತಿಗೆಯನ್ನು ಡಿಟೆಕ್ಟರ್ ಹಿಡಿದು ಹುಡುಕುತ್ತಿದ್ದಾಗ ಬೆಳ್ಳಿ ಚಮಚ, ನಾಣ್ಯಗಳು ಸಿಕ್ಕವು. ಅವರು ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಪುರಾತತ್ವಜ್ಞರು ಬಂದು ಮಣ್ಣನ್ನು ಪದರಪದರವಾಗಿ ತೆಗೆದಾಗ ರೋಮನ್ ಕಾಲದ ಪೆಟ್ಟಿಗೆಯೊಂದು ಇದ್ದಂತೆಯೇ ಕಾಣಿಸಿತು: ಕೊಳೆತ ಮರದ ಗುರುತು, ಪುಟ್ಟ ಬೆಳ್ಳಿ ಬೀಗಗಳು, ಯಾವ ಪಾತ್ರೆಯನ್ನು ಯಾವುದರ ಮೇಲೆ ಜೋಡಿಸಿದ್ದರು ಎಂಬುದೂ. ಸುಮಾರು 15 ಸಾವಿರ ನಾಣ್ಯ, ಹತ್ತಾರು ಬೆಳ್ಳಿ ಚಮಚ. ಔರೇಲಿಯಸ್ ಉರ್ಸಿಸಿನಸ್ ಎಂಬ ಹೆಸರು ಅವುಗಳಲ್ಲಿ ಮತ್ತೆ ಮತ್ತೆ ಕೆತ್ತಿದೆ. ನಾಣ್ಯಗಳಿಂದ ಹೂತ ಕಾಲ ಐದನೇ ಶತಮಾನದ ಮೊದಲ ವರ್ಷಗಳ ನಂತರದ್ದೆಂದು ತಿಳಿಯಿತು. ಲಾಸ್ ಬಹುಮಾನವಾಗಿ ಬಂದ 17.5 ಲಕ್ಷ ಪೌಂಡನ್ನು ಹೊಲದ ಗೆಳೆಯನೊಂದಿಗೆ ಹಂಚಿಕೊಂಡರು. ಕಳೆದ ಸುತ್ತಿಗೆಯೂ ಸಿಕ್ಕಿ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ!

ನಮ್ಮಲ್ಲಿ ಇಂಥದು ಆಗುವುದಿಲ್ಲ ಎನ್ನುವವರಿಗೆ ಶಿವಮೊಗ್ಗ ಜಿಲ್ಲೆಯ ನಗರದ ಕಥೆ ಹೇಳಬೇಕು. 2002ರಲ್ಲಿ ಅಲ್ಲಿನ ತೋಟವೊಂದರ ಹಾಳುಬಾವಿಯಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ತುಕ್ಕು ಕೊಳವೆಗಳನ್ನು ಫಿರಂಗಿ ಗುಂಡುಗಳೆಂದು ಭಾವಿಸಿ ಸಂಗ್ರಹಾಲಯದಲ್ಲಿ ಇಟ್ಟರು. ಹತ್ತು ವರ್ಷ ದಾಟಿದ ಮೇಲೆ ಅವು ಟಿಪ್ಪುವಿನ ಕಾಲದ ಯುದ್ಧ ರಾಕೆಟ್ಟುಗಳೆಂದು ಗುರುತಾಯಿತು. 2018ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಅದೇ ಬಾವಿಯನ್ನು ಮತ್ತೆ ಅಗೆದು ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ತೆಗೆಯಿತು. ಮೊದಲ ಗುರುತಿಸುವಿಕೆ ತಪ್ಪಾಗಿತ್ತು, ಆದರೂ ನಷ್ಟವಾಗಲಿಲ್ಲ. ವಸ್ತು ಉಳಿದಿತ್ತು, ಸಿಕ್ಕ ಜಾಗ ದಾಖಲಾಗಿತ್ತು. ತುಕ್ಕು ಕಬ್ಬಿಣಕ್ಕೆ ಸರಾಫ ಪೇಟೆಯಲ್ಲಿ ಬೆಲೆ ಇಲ್ಲದ್ದು ಅದರ ಪುಣ್ಯ. ಬೆಳ್ಳಿಗೆ ಅಂಥ ಪುಣ್ಯವಿಲ್ಲ.

ಈಗ ಕಾನೂನು. 1878ರ ಭಾರತೀಯ ನಿಕ್ಷೇಪ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಅಡಗಿರುವ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವ ವಸ್ತು ಸಿಕ್ಕರೂ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು; ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆ. ಆಗಿನ ಹತ್ತು ರೂಪಾಯಿ ಎಂದರೆ ಸುಮಾರು 117 ಗ್ರಾಂ ಬೆಳ್ಳಿ ನಾಣ್ಯ. ಇಂದು ಹತ್ತು ರೂಪಾಯಿಗೆ ಉಗುರಿನ ತುದಿಯಷ್ಟೂ ಬೆಳ್ಳಿ ಬರುವುದಿಲ್ಲ. ವಾರಸುದಾರರು ಸಿಗದಿದ್ದರೆ ಸಿಕ್ಕವನಿಗೆ ಮುಕ್ಕಾಲು, ಜಾಗದ ಒಡೆಯನಿಗೆ ಕಾಲು ಪಾಲು ಎಂಬ ಹಂಚಿಕೆಯೂ, ನೂರು ವರ್ಷದೊಳಗೆ ಹೂತದ್ದೆಂದು ಕಂಡರೆ ಹೂತವರ ವಾರಸುದಾರರು ಸಿವಿಲ್ ಕೋರ್ಟಿಗೆ ಹೋಗುವ ಅವಕಾಶವೂ ಅದರಲ್ಲಿದೆ. ಸರಕಾರ ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆ, ಮೇಲೆ ಅದರ ಐದನೇ ಒಂದು ಪಾಲು. ಗಮನಿಸಿ, ಲೋಹದ ಬೆಲೆ! ವಸ್ತುವಿಗೆ ತೂಕಕ್ಕಿಂತ ಬೇರೆ ಮೌಲ್ಯವಿಲ್ಲ ಎಂದು ಕಾಯ್ದೆಯೇ ಒಪ್ಪಿಕೊಂಡಂತಾಯಿತು. ಕರ್ನಾಟಕಕ್ಕೆ ಇದೇ ವಿಷಯದಲ್ಲಿ 1962ರ ತನ್ನದೇ ಕಾಯ್ದೆಯಿದೆ, ಅಲ್ಲೂ ಸಿಕ್ಕವನ ಮೊದಲ ಕರ್ತವ್ಯ ಸರಕಾರಕ್ಕೆ ತಿಳಿಸುವುದೇ. ಇದರ ಮೇಲೆ 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಪ್ರಾಚ್ಯವಸ್ತು ಎಂದು ಕರೆದು, ಪರವಾನಗಿಯಿಲ್ಲದ ವ್ಯಾಪಾರವನ್ನೂ ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವುದನ್ನೂ ತಡೆಯುತ್ತದೆ. ಇವೆಲ್ಲ ಅಗತ್ಯವೇ. ಆದರೆ ಮುಂಡರಗಿಯ ಒಂದು ಮನೆಯವರ ಕಣ್ಣಿನಿಂದ ನೋಡಿ. ಪಾಯದಲ್ಲಿ ಸಿಕ್ಕ ಎರಡು ತಾಟು, ಒಂದು ಪಂಚಪಾತ್ರೆಯನ್ನು ತಿಳಿಸಿದರೆ ಪಂಚನಾಮೆ, ಖಜಾನೆ, ನೋಟಿಸು, ಮನೆ ಕಟ್ಟುವ ಕೆಲಸಕ್ಕೆ ತಡೆ ಬೀಳುವ ಭಯ, ಓಣಿಯವರ ಬಾಯಲ್ಲಿ ನಿಧಿಯ ಪುಕಾರು. ತಿಳಿಸದಿದ್ದರೆ ಸಂಜೆಯೊಳಗೆ ಕೈಗೆ ನಗದು. ಪ್ರಾಮಾಣಿಕತೆಗೆ ದಂಡ, ಮೌನಕ್ಕೆ ಬಹುಮಾನ ಇರುವಲ್ಲಿ ಜನ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಅಚ್ಚರಿಪಡಬೇಕಿಲ್ಲ.

ದಾಖಲಾತಿಗೆ ಬಾಗಿಲು ತೆರೆದರೆ ನಿಧಿಗಳ್ಳರಿಗೆ ರತ್ನಗಂಬಳಿ ಹಾಸಿದಂತೆ ಎಂಬುದು ಬಲವಾದ ಆಕ್ಷೇಪ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. 2019ರ ಜುಲೈನಲ್ಲಿ ಆನೆಗುಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಯಾಸೆಗೆ ಒಡೆದು ಹಾಕಿದ್ದು ಯಾರೂ ಮರೆತಿಲ್ಲ. ನಂದಿಯ ಹೊಟ್ಟೆ ಸೀಳುವುದು, ವೀರಗಲ್ಲು ಕೀಳುವುದು ಈ ಸೀಮೆಗೂ ಹೊಸತಲ್ಲ. ನಿಧಿಗಾಗಿ ಅಮಾನವೀಯ ಕೃತ್ಯ ನಡೆಸುವುದನ್ನು 2017ರ ಮೌಢ್ಯ ನಿಷೇಧ ಕಾಯ್ದೆ ಹೆಸರಿಸಿಯೇ ಅಪರಾಧವೆಂದಿದೆ. ಆದರೆ ನಿಧಿಗಳ್ಳ ಎಂದೂ ದಾಖಲೆ ಬಯಸುವವನಲ್ಲ. ಅವನಿಗೆ ಬೇಕಾದದ್ದು ಕತ್ತಲು ಮತ್ತು ಪ್ರಶ್ನೆ ಕೇಳದ ಮೂಸೆ. ಸಂರಕ್ಷಿತ ಸ್ಮಾರಕ, ಗುಡಿ, ಮಠ, ದರ್ಗಾ, ಸರಕಾರಿ ಜಮೀನು, ಬೇಚರಾಕ್ ಗ್ರಾಮಗಳ ಗಾಂವಠಾಣಾ ಇಲ್ಲೆಲ್ಲ ಡಿಟೆಕ್ಟರ್ ಹಿಡಿದು ಓಡಾಡುವುದಕ್ಕೇ ತಡೆ ಇರಲಿ, ನನ್ನ ಅಭ್ಯಂತರವಿಲ್ಲ. ಐರ್ಲೆಂಡಿನಲ್ಲಿ ಪ್ರಾಚ್ಯವಸ್ತು ಹುಡುಕಲು ಪರವಾನಗಿಯಿಲ್ಲದೆ ಯಂತ್ರ ಬಳಸುವುದು 1987ರಿಂದ ಅಪರಾಧ. ಬ್ರಿಟನ್ ಬೇರೆ ದಾರಿ ಹಿಡಿಯಿತು: 1997ರಲ್ಲಿ ಶುರುವಾದ ಅಲ್ಲಿನ ಯೋಜನೆಯಲ್ಲಿ ಹವ್ಯಾಸಿಗಳು ಸಿಕ್ಕದ್ದನ್ನು ತಾವಾಗಿ ತಂದು ತೋರಿಸುತ್ತಾರೆ, ಅಧಿಕಾರಿಗಳು ದಾಖಲಿಸಿ ಹೆಚ್ಚಿನವನ್ನು ಮರಳಿ ಕೊಡುತ್ತಾರೆ, ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ಹಾಗೆ ಲೆಕ್ಕಕ್ಕೆ ಬಂದಿವೆ. ಆ ಮಾದರಿ ಜನರನ್ನು ಅಗೆಯಲು ಹುರಿದುಂಬಿಸುತ್ತದೆ ಎಂಬ ಟೀಕೆ ಅಲ್ಲೂ ಇದೆ. ನನಗೆ ಬೇಕಾದದ್ದು ಐರ್ಲೆಂಡಿನ ಬಿಗಿ ಹುಡುಕಾಟಕ್ಕೆ, ಬ್ರಿಟನ್ನಿನ ಸಡಿಲ ದಾಖಲಾತಿಗೆ. ತನ್ನ ಮನೆಯ ಪಾಯ ತೆಗೆಯುವವನು ನಿಧಿಗಳ್ಳನಲ್ಲ. ಅವನನ್ನೂ ಕಳ್ಳನನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದರಿಂದಲೇ ಇಬ್ಬರೂ ಒಂದೇ ಅಂಗಡಿಗೆ ಹೋಗುತ್ತಿದ್ದಾರೆ.

ಜನ ತಾವಾಗಿ ಮುಂದೆ ಬರುವುದಿಲ್ಲ ಎಂಬ ಮಾತಿಗೆ ಲಕ್ಕುಂಡಿಯಲ್ಲಿ ಉತ್ತರವಿದೆ. 2024ರ ನವೆಂಬರಿನಲ್ಲಿ ಅಲ್ಲಿ ಪ್ರಾಚ್ಯಾವಶೇಷಗಳ ಅನ್ವೇಷಣೆ ನಡೆದಾಗ ಊರವರು ಮನೆಯಂಗಳ, ಹಿತ್ತಿಲು, ಗೋಡೆಗಳಲ್ಲಿದ್ದ ಕೆತ್ತನೆಯ ಕಲ್ಲುಗಳನ್ನು ತೋರಿಸಿಕೊಟ್ಟರು. ಕಲ್ಲು ಕೊಟ್ಟವರಿಗೆ ಬೆಳ್ಳಿ ಕೊಡುವುದು ಅಷ್ಟು ಸುಲಭವಲ್ಲ ಎಂದು ಒಪ್ಪುತ್ತೇನೆ. ಅದಕ್ಕೇ ಕೊಡಿ ಎನ್ನಬಾರದು, ತೋರಿಸಿ ಎನ್ನಬೇಕು. ತಹಶೀಲ್ದಾರ್ ಕಚೇರಿಯಲ್ಲಿ ಒಂದು ಪುಟದ ನಮೂನೆ: ಯಾವ ಓಣಿ, ಯಾವ ಸ್ಥಳ, ಎಷ್ಟು ಆಳ, ಜೊತೆಗೆ ಸಿಕ್ಕದ್ದು, ತೂಕ, ನಾಲ್ಕು ಕಡೆಯಿಂದ ಫೋಟೊ, ಚುಕ್ಕಿ ಅಕ್ಷರ ಇದ್ದರೆ ಅದರ ನಕಲು. ಕೊಟ್ಟ ದಿನವೇ ಸ್ವೀಕೃತಿ ಪತ್ರ. ಫೋಟೊ ನೋಡಿ ಧಾರವಾಡದ ಕನ್ನಡ ಅಧ್ಯಯನ ಪೀಠದಲ್ಲೋ ರಾಜ್ಯ ಪುರಾತತ್ವ ಇಲಾಖೆಯಲ್ಲೋ ಮೋಡಿ, ಹಳೆ ನಾಣ್ಯ ಬಲ್ಲವರು ತಿಂಗಳೊಳಗೆ ಅಭಿಪ್ರಾಯ ಹೇಳಲಿ. ಮನೆಬಳಕೆಯ ಸಾಮಾನ್ಯ ಪಾತ್ರೆಯೆಂದು ಕಂಡರೆ ಅದು ಆ ಮನೆಯದು ಎಂದು ಬರೆದು ಕೊಟ್ಟುಬಿಡಲಿ. ಸರಕಾರಕ್ಕೆ ಬೇಕೇಬೇಕಾದ ಅಪರೂಪದ್ದಿದ್ದರೆ ತೂಕದ ಬೆಲೆಯಲ್ಲ, ಹಳೆವಸ್ತುವಿನ ಮಾರುಕಟ್ಟೆ ಬೆಲೆ ಕೊಡಲಿ. ಇದಕ್ಕೆ ಕಾಯ್ದೆಯಲ್ಲಿ ಒಂದೆರಡು ತಿದ್ದುಪಡಿ ಬೇಕು, ಆದರೆ ನಮೂನೆ ಮತ್ತು ಫೋಟೊಗೆ ಜಿಲ್ಲಾಧಿಕಾರಿಯ ಒಂದು ಸುತ್ತೋಲೆ ಸಾಕು. ಡಿಟೆಕ್ಟರ್‌ಗೂ ಇಲ್ಲಿ ಸರಿಯಾದ ಕೆಲಸವಿದೆ. ಸಿಂಗಟಾಲೂರು ಏತ ನೀರಾವರಿಯ ಹಮ್ಮಿಗಿ ಬ್ಯಾರೇಜಿಗಾಗಿ ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರಗಳಂಥ ಊರುಗಳು ನೆಲೆ ಬಿಡಬೇಕಾಯಿತು. ಇಂಥ ಊರು ಖಾಲಿಯಾಗುವಾಗ, ಪೇಟೆಯ ಹಳೆ ವಾಡೆ ಕೆಡಹುವಾಗ, ಇಲಾಖೆಯವರೇ ಮನೆಯವರ ಎದುರು ಯಂತ್ರ ಆಡಿಸಿ ಸಿಕ್ಕದ್ದನ್ನು ಅವರ ಹೆಸರಿನಲ್ಲಿ ಬರೆದುಕೊಂಡರೆ ರಾತ್ರಿ ಬರುವವರಿಗೆ ಉಳಿಯುವುದು ಲಾಳ ಮತ್ತು ಮೊಳೆ.

ಕೊನೆಯ ಆಕ್ಷೇಪ ಹಸಿದವರದು. ಕುಸಿದ ಮನೆಯನ್ನು ಮತ್ತೆ ಕಟ್ಟಲು ಸಾಲ ಮಾಡಿದವರಿಗೆ ಪರಂಪರೆಯ ಪಾಠ ಹೇಳಲು ನಾವು ಯಾರು? ಯಾರೂ ಅಲ್ಲ. ಮಾರಬೇಡಿ ಎಂದು ನಾನು ಹೇಳುತ್ತಲೂ ಇಲ್ಲ. ದಾಖಲೆಯಾದ, ಸ್ವೀಕೃತಿ ಪತ್ರವಿರುವ ಹಳೆ ಪಾತ್ರೆಯನ್ನು ಕದ್ದ ಮಾಲಿನ ಭಯವಿಲ್ಲದೆ ಮಾರಬಹುದು. ಕಾಗದವಿಲ್ಲದವರ ಬೆಳ್ಳಿಗೆ ಕಿಲುಬು, ಬೆಸುಗೆ, ಟಚ್ ಎಂದು ಕಡಿತ ಮಾಡುವ ಅಂಗಡಿಯವರ ಮುಂದೆ ಆ ಕಾಗದವೇ ಮನೆಯವರ ಬಲ. ಸರಾಫರು ಇದು ತಮಗೆ ಹೊಸ ಹೊರೆ ಎನ್ನಬಹುದು. ಹಾಲ್‌ಮಾರ್ಕಿನ ನಂಬರು ದಾಖಲಿಸುವುದನ್ನು ಕಲಿತ ಅಂಗಡಿಗೆ, ಹಳೆಯ ಪಾತ್ರೆ ಎಂದು ಕಂಡದ್ದನ್ನು ಕರಗಿಸುವ ಮುನ್ನ ಮೊಬೈಲಿನಲ್ಲಿ ಎರಡು ಫೋಟೊ ತೆಗೆದು ಕಚೇರಿಯ ನಂಬರಿಗೆ ಕಳಿಸಿ ಒಂದು ವಾರ ಕಾಯುವುದು ದೊಡ್ಡ ಖರ್ಚಲ್ಲ. ಆ ವಾರದಲ್ಲಿ ದರ ಬಿದ್ದರೆ ಯಾರ ನಷ್ಟ ಎಂದು ಅವರು ಕೇಳುತ್ತಾರೆ, ಕೇಳಲೇಬೇಕು: ಗಿರಾಕಿಗೆ ತೂಗಿದ ದಿನದ ದರ ಕೊಟ್ಟು, ವ್ಯತ್ಯಾಸವನ್ನು ಜಿಲ್ಲಾಡಳಿತ ಭರಿಸಬೇಕು ಎಂಬುದು ನನ್ನ ಉತ್ತರ. ಗದಗದ ಸರಾಫ ಅಂಗಡಿಗಳಿಗೆ ವರ್ಷಕ್ಕೆ ಬರುವ ನಿಜವಾದ ಹಳೆ ಪಾತ್ರೆಗಳ ತೂಕಕ್ಕೆ ಆ ವ್ಯತ್ಯಾಸ ಒಂದು ಉತ್ಸವದ ಪೆಂಡಾಲಿನ ಖರ್ಚಿಗಿಂತ ಹೆಚ್ಚಾಗಲಾರದು.